ಸಾಮಾಯಿಕದಲ್ಲಿ ಕಂಡ ಹೆಸರು



ಹೋದ ತಿಂಗಳು ಎಮ್ಮಿಗನೂರಿನಿಂದ ಒಬ್ಬ ಸಹೋದರಿ ನನಗೆ ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿರೆಂದು ಕೇಳಿಕೊಂಡಿರುವುದರಿಂದ ಹಾಕುವುದಿಲ್ಲ. ಅವರು ಮೂರು ವರ್ಷದಿಂದ ದಿನಾಲೂ ಬೆಳಿಗ್ಗೆ ಸಾಮಾಯಿಕಕ್ಕೆ ಕೂಡುತ್ತಾರೆ. ಈಗ ಕೆಲವು ದಿನಗಳಿಂದ ಕಣ್ಣು ಮುಚ್ಚಿದ ಕೂಡಲೇ ಮೊದಲು ನೀಲಿ ಬೆಳಕು ಕಾಣುತ್ತದಂತೆ. ಆಮೇಲೆ ಹೆಡೆ ಎತ್ತಿದ ಹಾವು. ಅದಾದ ಮೇಲೆ ಯಾರೋ ಕಿವಿಯಲ್ಲಿ ಹೇಳಿದ ಹಾಗೆ ಒಬ್ಬ ಹೆಂಗಸಿನ ಹೆಸರು. ಆ ಹೆಸರಿನವರು ಅವರ ತವರಿನಲ್ಲೂ ಇಲ್ಲ, ಗಂಡನ ಮನೆಯಲ್ಲೂ ಇಲ್ಲ. ಆಗಾಗ ಊರಿಗೆ ಬಂದು ಹೋಗುವ ಒಬ್ಬರು ಇದನ್ನು ಕೇಳಿ, ಹಾವೆಂದರೆ ಪದ್ಮಾವತಿ ಅಮ್ಮನವರ ಸೂಚನೆ, ಹೆಸರು ನಿಮ್ಮ ಹಿಂದಿನ ಜನ್ಮದ್ದು, ಒಂದು ಆರಾಧನೆ ಮಾಡಿಸಿದರೆ ವ್ಯಾಪಾರ ಎರಡು ಪಟ್ಟಾಗುತ್ತದೆ, ಬಿಟ್ಟರೆ ಮನೆಯ ಗಂಡುಮಗುವಿಗೆ ತೊಂದರೆ ಎಂದಿದ್ದಾರೆ. ಖರ್ಚು ೪೦,೦೦೦ ರೂಪಾಯಿ. ಯಜಮಾನರು ಒಪ್ಪಿದ್ದಾರೆ. ಸಹೋದರಿಯ ಮನಸ್ಸು ಒಪ್ಪುತ್ತಿಲ್ಲ. ‘ಅಣ್ಣಾ, ಇವುಗಳ ಅರ್ಥವೇನು, ನೀವಾದರೂ ಹೇಳಿ’ ಎಂದು ಕೇಳಿದ್ದಾರೆ.

ನಾನು ಮೆಟ್ರಿಕ್ ಓದಿದ ಹತ್ತಿ ವ್ಯಾಪಾರಿ, ಶಾಸ್ತ್ರ ಪಂಡಿತನಲ್ಲ. ಆದರೂ ಸಾಮಾನ್ಯವಾಗಿ ಓದುಗರ ಕಾಗದಕ್ಕೆ ಮೂರು ದಿನದೊಳಗೆ ಉತ್ತರ ಬರೆಯುತ್ತೇನೆ. ಇದಕ್ಕೆ ಎಂಟು ದಿನ ಬರೆಯಲಾಗಲಿಲ್ಲ. ಕಾರಣ, ನನಗೂ ಒಮ್ಮೆ ಸಾಮಾಯಿಕದಲ್ಲಿ ಒಂದು ಹೆಸರು ಬಂದಿತ್ತು. ಆ ಸಂಗತಿಯನ್ನು ಈ ಅಂಕಣದಲ್ಲಿ ಇಷ್ಟು ವರ್ಷ ಬರೆದಿಲ್ಲ. ಅದನ್ನು ಬಚ್ಚಿಟ್ಟುಕೊಂಡು ಸಹೋದರಿಗೆ ಉಪದೇಶ ಮಾಡುವುದು ಸರಿಯಲ್ಲವೆಂದು ಈಗ ಬರೆಯುತ್ತಿದ್ದೇನೆ.

ಮೊದಲು ಸುಲಭವಾದದ್ದನ್ನು ನೋಡೋಣ. ನೀಲಿ ಬೆಳಕು. ತಾವು ದೇವರ ಕೋಣೆಯಲ್ಲಿ ದೀಪದ ಮುಂದೆ ಕೂಡುತ್ತೀರಿ. ಒಂದು ನಿಮಿಷ ಆ ಹಳದಿ ಜ್ಯೋತಿಯನ್ನೇ ನೋಡಿ ಕಣ್ಣು ಮುಚ್ಚಿರಿ. ಅದೇ ಆಕಾರ ನೀಲಿಯಾಗಿಯೋ ನೇರಳೆಯಾಗಿಯೋ ಕಾಣುತ್ತದೆ. ನಮ್ಮ ಮೊಮ್ಮಗಳನ್ನು ಕೂಡಿಸಿ ನೋಡಿದೆ, ಅವಳಿಗೂ ಕಂಡಿತು. ಅವಳಿಗಿನ್ನೂ ಣಮೋಕಾರ ಪೂರ್ತಿ ಬರುವುದಿಲ್ಲ. ಬೆಳಕು ನೋಡಿ ದಣಿದ ಕಣ್ಣಿನ ಗುಣ ಅದು. ಉಪವಾಸದ ಮೂರನೆಯ ದಿನ ಕಾಣುವ ಮಿಣುಕು, ನಿದ್ದೆಗೆ ಜಾರುವಾಗ ಕಾಣುವ ಮುಖಗಳು, ಇವೂ ಶರೀರದ ವ್ಯಾಪಾರಗಳೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಕಣ್ಣು ತೆರೆದಿದ್ದಾಗಲೂ ಒಂದು ಮಗ್ಗುಲಿನಲ್ಲಿ ಮಿಂಚು ಹೊಡೆದಂತಾದರೆ, ಇದ್ದಕ್ಕಿದ್ದಂತೆ ಸೊಳ್ಳೆ ಹಾರಿದ ಹಾಗೆ ಕಪ್ಪು ಚುಕ್ಕೆ ಹೆಚ್ಚಾದರೆ, ಪರದೆ ಇಳಿದಂತಾದರೆ ಅದು ಧ್ಯಾನದ ಫಲವಲ್ಲ. ಕಣ್ಣಿನ ಹಿಂದಿನ ಪೊರೆ ಹರಿಯುತ್ತಿರಬಹುದು. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ನಮ್ಮ ವ್ಯಾಪಾರಿ ಮನೆಗಳಲ್ಲಿ ಸಕ್ಕರೆ ಕಾಯಿಲೆ ಬಹಳ. ನಮ್ಮ ಬಂಧುಗಳಲ್ಲೇ ಒಬ್ಬ ಹಿರಿಯರು ಆ ಮಿಂಚನ್ನು ಆತ್ಮಜ್ಯೋತಿ ಎಂದು ನಂಬಿ ಮೂರು ವಾರ ಕೂತರು. ಆ ಕಣ್ಣು ಮತ್ತೆ ಬರಲಿಲ್ಲ.

ಬಣ್ಣ ಕಂಡರೆ ಲೇಶ್ಯೆ ಎಂದು ಹೇಳುವವರೂ ಇದ್ದಾರೆ. ಕಪ್ಪು ಕಂಡರೆ ಕೃಷ್ಣ ಲೇಶ್ಯೆ ಎಂದು ಪಾಪ ಹೆಣ್ಣುಮಕ್ಕಳು ಹೆದರುತ್ತಾರೆ. ಹಣ್ಣಿನ ಮರದ ಕೆಳಗೆ ಹಸಿದು ನಿಂತ ಆರು ಜನರ ಕಥೆ ತಮಗೆಲ್ಲ ಗೊತ್ತು. ಒಬ್ಬ ಬುಡವನ್ನೇ ಕಡಿಯೋಣ ಎಂದ, ಕೊನೆಯವನು ಕೆಳಗೆ ಬಿದ್ದ ಹಣ್ಣು ಸಾಕೆಂದ. ಅಲ್ಲಿ ಯಾರೂ ಯಾರಿಗೂ ಕಣ್ಣು ಮುಚ್ಚಿ ಏನು ಬಣ್ಣ ಕಂಡಿತು ಎಂದು ಕೇಳಲಿಲ್ಲ. ಕೊಡಲಿಯನ್ನು ಎಲ್ಲಿ ಇಡುತ್ತೀ ಎಂಬುದರಿಂದಲೇ ಲೇಶ್ಯೆ ತಿಳಿಯಿತು.

ಇನ್ನು ಹಾವು. ಹುಂಬುಜದ ಪದ್ಮಾವತಿ ಅಮ್ಮನವರಿಗೆ ನಮ್ಮ ಮನೆಯವರೂ ನಡೆದುಕೊಳ್ಳುತ್ತಾರೆ, ಆದ್ದರಿಂದ ಹಗುರವಾಗಿ ಮಾತಾಡುತ್ತಿದ್ದೇನೆಂದು ತಿಳಿಯಬಾರದು. ಸಹೋದರಿಯ ಕಾಗದದಲ್ಲೇ ಇದೆ, ಕೂಡುವ ಜಾಗದ ಎದುರು ಗೋಡೆಗೆ ಪಾರ್ಶ್ವನಾಥ ಸ್ವಾಮಿಯ ದೊಡ್ಡ ಪಟವಿದೆ ಎಂದು. ಮೂರು ವರ್ಷ ಏಳು ಹೆಡೆಯನ್ನು ನೋಡಿ ಕಣ್ಣು ಮುಚ್ಚಿದವರಿಗೆ ಹೆಡೆ ಕಾಣದೆ ಇನ್ನೇನು ಕಾಣಬೇಕು?

ತೀರ್ಥಂಕರರ ಲಾಂಛನಗಳೂ ಹಾಗೆಯೇ. ಕನಸಿನಲ್ಲಿ ಸಿಂಹ ಬಂದರೆ ಮಹಾವೀರ ಸ್ವಾಮಿ ಕರೆದರು, ಎತ್ತು ಬಂದರೆ ಆದಿನಾಥರು ಎನ್ನುತ್ತಾರೆ. ನಮ್ಮ ಕಡೆ ಎತ್ತು ಕನಸಿನಲ್ಲಿ ಬರದವರು ಯಾರಿದ್ದಾರೆ? ಬಿಂಬಗಳೆಲ್ಲ ನೋಡಲು ಒಂದೇ ತೆರನಾಗಿ ಇರುವುದರಿಂದ ಇದು ಯಾರ ಬಿಂಬ ಎಂದು ಗುರುತಿಸಲು ಪೀಠದ ಮೇಲೆ ಲಾಂಛನ ಕೆತ್ತುತ್ತಾರೆ. ಪ್ರೆಸ್ಸಿಂಗ್ ಮಿಲ್ಲಿನಿಂದ ಹೊರಬೀಳುವ ಹತ್ತಿ ಬೇಲಿಗೆ ನಾವು ಮಾರ್ಕು ಹಾಕುತ್ತೇವಲ್ಲ, ಹಾಗೆ. ಮಾರ್ಕಿನಿಂದ ಬೇಲು ಯಾರದೆಂದು ತಿಳಿಯುತ್ತದೆ. ಒಳಗಿನ ಅರಳೆ ಎಂಥದೆಂದು ತಿಳಿಯಬೇಕಾದರೆ ಕೈಹಾಕಿ ಎಳೆದೇ ನೋಡಬೇಕು.

ಪಾರ್ಶ್ವನಾಥರದ್ದೇ ಕಥೆ ತೆಗೆದುಕೊಳ್ಳಿ. ಸ್ವಾಮಿ ಧ್ಯಾನದಲ್ಲಿ ನಿಂತಿದ್ದಾಗ ಹಿಂದಿನ ವೈರದ ಕಮಠ ಕಲ್ಲು ಮಳೆ ಸುರಿಸಿದ. ಧರಣೇಂದ್ರ ಹೆಡೆ ಬಿಚ್ಚಿ ಹಿಡಿದ. ಅಲ್ಲಿ ಕಲ್ಲೂ ನಿಜ, ಹೆಡೆಯೂ ನಿಜ. ಸ್ವಾಮಿ ಕಲ್ಲಿಗೆ ಹೆದರಲಿಲ್ಲ, ಹೆಡೆಗೆ ಹಿಗ್ಗಲಿಲ್ಲ. ಇದರ ಅರ್ಥವೇನೆಂದು ಯಾರನ್ನೂ ಕೇಳಲು ಎದ್ದು ಹೋಗಲಿಲ್ಲ.

ಹಾಗಾದರೆ ನಮ್ಮ ಧರ್ಮದಲ್ಲಿ ಧ್ಯಾನಕ್ಕೆ ಚಿಹ್ನೆ, ಅಕ್ಷರ, ಹೆಸರು ಇಲ್ಲವೇ ಎಂದರೆ, ಬೇಕಾದಷ್ಟಿವೆ. ಶುಭಚಂದ್ರಾಚಾರ್ಯರ ಜ್ಞಾನಾರ್ಣವದಲ್ಲಿ ಪಿಂಡಸ್ಥ, ಪದಸ್ಥ, ರೂಪಸ್ಥ, ರೂಪಾತೀತ ಎಂದು ನಾಲ್ಕು ಬಗೆ ಹೇಳಿದೆ. ಆಗ್ನೇಯಿ ಧಾರಣೆಯಲ್ಲಿ ನಾಭಿಯಲ್ಲಿ ೧೬ ದಳದ ಕಮಲ, ದಳದ ಮೇಲೆ ಸ್ವರಾಕ್ಷರಗಳು, ನಡುವೆ ಮಹಾಮಂತ್ರ. ಹೃದಯದಲ್ಲಿ ೮ ದಳದ ಇನ್ನೊಂದು ಕಮಲ ತಲೆಕೆಳಗಾಗಿದೆ, ಅದೇ ಅಷ್ಟಕರ್ಮ. ಕೆಳಗಿನ ಮಂತ್ರದ ರೇಫದಿಂದ ಮೊದಲು ಹೊಗೆ, ಆಮೇಲೆ ಕಿಡಿ, ಆಮೇಲೆ ಜ್ವಾಲೆ ಎದ್ದು ಆ ಎಂಟು ದಳವನ್ನು ಸುಡುತ್ತದೆ ಎಂದು ಭಾವಿಸಬೇಕು. ನೇಮಿಚಂದ್ರರ ದ್ರವ್ಯಸಂಗ್ರಹದಲ್ಲಿ ಪಂಚಪರಮೇಷ್ಠಿ ವಾಚಕವಾದ ೩೫, ೧೬, ೬, ೫, ೪, ೨ ಮತ್ತು ೧ ಅಕ್ಷರದ ಜಪ ಹೇಳಿದ್ದಾರೆ. ೩೫ ಅಕ್ಷರ ಎಂದರೆ ಪೂರ್ತಿ ಣಮೋಕಾರ, ೨ ಎಂದರೆ ಸಿದ್ಧ, ೧ ಎಂದರೆ ಓಂ. ವಯಸ್ಸಾದವರಿಗೆ, ಉಸಿರು ಸಾಲದವರಿಗೆ, ಅಂಗಡಿಗೆ ಹೊತ್ತಾದವರಿಗೆ ಎಲ್ಲರಿಗೂ ಒಂದೊಂದು ಅಳತೆ ಇದೆ ಎಂದು ನನಗೆ ಅನಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಕಮಲವಾಗಲಿ ಅಕ್ಷರವಾಗಲಿ ತಾನಾಗಿ ಬಂದದ್ದಲ್ಲ, ನಾವು ಇಟ್ಟದ್ದು. ಇಡುವ ಮೊದಲೇ ಅದರ ಅರ್ಥ ಗೊತ್ತಿದೆ. ಆದ್ದರಿಂದ ಅರ್ಥ ಹೇಳುವವನು ಬೇಕಿಲ್ಲ, ದಕ್ಷಿಣೆಯೂ ಬೇಕಿಲ್ಲ. ನಾವು ಇಡದೆ ತಾನಾಗಿ ಬಂದದ್ದು ಏನು ಎಂಬುದೇ ಸಹೋದರಿಯ ಪ್ರಶ್ನೆ.

ಅರ್ಥ ಹೇಳಿದ ದೊಡ್ಡ ಉದಾಹರಣೆ ಚಂದ್ರಗುಪ್ತ ಮಹಾರಾಜನ ೧೬ ಕನಸುಗಳು. ಅದು ನಿದ್ದೆಯ ಮಾತು, ಧ್ಯಾನದ್ದಲ್ಲ, ಆದರೂ ನಮಗೆ ಬೇಕಾದದ್ದು ಅಲ್ಲಿದೆ. ಭದ್ರಬಾಹು ಸ್ವಾಮಿಗಳು ಅರ್ಥ ಬಿಡಿಸಿದರು. ೧೨ ಹೆಡೆಯ ಹಾವು ಎಂದರೆ ೧೨ ವರ್ಷದ ಬರಗಾಲ. ಮುಳುಗುವ ಸೂರ್ಯ ಎಂದರೆ ಶ್ರುತಜ್ಞಾನ ಮಸುಕಾಗುವುದು. ಕಸದ ರಾಶಿಯಲ್ಲಿ ಅರಳಿದ ಕಮಲ ಎಂದರೆ ಜಿನಧರ್ಮ ಬಹುಪಾಲು ವೈಶ್ಯರ ಕೈಯಲ್ಲಿ ಉಳಿಯುವುದು. (ಈ ಕೊನೆಯದನ್ನು ನಮ್ಮ ವ್ಯಾಪಾರಿ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಕಮಲ ನಾವು ಎಂದು ತಿಳಿದಿದ್ದಾರೆ. ಕಮಲ ಧರ್ಮ, ಉಳಿದದ್ದು ನಾವು.) ಒಂದಾದರೂ ಲಾಭದ ಮಾತು ಇದೆಯೇ? ರಾಜ್ಯ ಎರಡು ಪಟ್ಟಾಗುತ್ತದೆಂದು ಸ್ವಾಮಿಗಳು ಹೇಳಲಿಲ್ಲ. ಅರ್ಥ ಕೇಳಿದ ರಾಜ ಸಿಂಹಾಸನ ಬಿಟ್ಟು ಗುರುಗಳ ಹಿಂದೆ ನಡೆದ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಚಂದ್ರಗುಪ್ತ ಬಸದಿಗೆ ಹೋದವರು ಕತ್ತಲಲ್ಲಿ ಸರಸರ ಹೊರಗೆ ಬಂದುಬಿಡುತ್ತಾರೆ. ಅಲ್ಲಿನ ಕಲ್ಲಿನ ಜಾಲಂಧ್ರದಲ್ಲಿ ದಾಸೋಜನೆಂಬ ಶಿಲ್ಪಿ ಈ ಕಥೆಯನ್ನೇ ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಿದ್ದಾನೆ. ಇನ್ನೊಮ್ಮೆ ಹೋದಾಗ ನಿಂತು ನೋಡಿರಿ.

ಹಿಂದಿನ ಜನ್ಮದ ನೆನಪೂ ಶಾಸ್ತ್ರದಲ್ಲಿದೆ. ಹಸ್ತಿನಾಪುರದಲ್ಲಿ ಶ್ರೇಯಾಂಸ ಕುಮಾರನಿಗೆ ಆದಿನಾಥ ಮುನಿಗಳನ್ನು ನೋಡಿದ ಕೂಡಲೇ ಜಾತಿಸ್ಮರಣವಾಯಿತು. ಅದರಿಂದ ಅವನಿಗೆ ತಿಳಿದದ್ದು ಆಹಾರ ಕೊಡುವ ವಿಧಿ. ಕಬ್ಬಿನ ಹಾಲು ಕೊಟ್ಟ, ಅಕ್ಷಯ ತೃತೀಯ ಆಯಿತು. ನೆನಪು ಬಂದದ್ದು ಕೊಡುವುದಕ್ಕೆ.

ಈಗ ನನ್ನ ಸಂಗತಿಗೆ ಬರುತ್ತೇನೆ.

೨೦೧೧ನೆಯ ಇಸವಿಯ ದಶಲಕ್ಷಣ ಪರ್ವ. ಅಂಗಡಿಯನ್ನು ಮಗನಿಗೆ ಬಿಟ್ಟು ಹತ್ತೂ ದಿನ ಎರಡು ಹೊತ್ತು ಸಾಮಾಯಿಕ ಮಾಡುವುದೆಂದು ನಿಯಮ ತೆಗೆದುಕೊಂಡಿದ್ದೆ. ಮೂರನೆಯ ದಿನ, ಉತ್ತಮ ಆರ್ಜವದ ದಿನ, ಜಪಮಣಿ ಅರ್ಧಕ್ಕೆ ಬಂದಿರಬೇಕು, ಕಣ್ಣ ಮುಂದೆ ಒಂದು ಹೆಸರು ಬರೆದ ಹಾಗೆ ಬಂದು ನಿಂತಿತು. ಕನ್ನಡ ಅಕ್ಷರ. ಕೆಂಪು ಗೆರೆಯ ಮೇಲೆ. ಆಗ ಆ ಹೆಸರು ಯಾರದೆಂದು ನನಗೆ ಹೊಳೆಯಲೇ ಇಲ್ಲ. ಮರುದಿನವೂ ಬಂತು. ಐದನೆಯ ದಿನವೂ ಬಂತು. ಬಾರದಿರಲೆಂದು ಜಪ ಜೋರಾಗಿ ಮಾಡಿದರೆ ಇನ್ನೂ ದಪ್ಪ ಅಕ್ಷರವಾಗಿ ಬಂತು.

ನನಗೆ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು ಎಂದರೆ ತಾವು ನಗಬಹುದು. ಇಷ್ಟು ಜನ ಕೂಡುತ್ತಾರೆ, ಯಾರಿಗೂ ಬಾರದ್ದು ನನಗೆ ಬಂದಿದೆ! ನಾಲ್ಕು ಜನರಿಗೆ ಹೇಳಿಕೊಂಡೆ. ಸಹೋದರಿಗೆ ಸಿಕ್ಕಂಥವರೇ ಒಬ್ಬರು ನನಗೂ ಸಿಕ್ಕರು. ಹೆಸರಿನಲ್ಲಿ ಆರು ಅಕ್ಷರ ಇವೆ, ಅರಿಹಂತ ಸಿದ್ಧ ಎಂಬುದೂ ಆರು ಅಕ್ಷರ, ಇದು ಷಡಕ್ಷರ ಸಿದ್ಧಿಯ ಸೂಚನೆ ಎಂದರು. ವಿಧಾನ ಮಾಡಿಸಿದೆ. ಎಷ್ಟು ಖರ್ಚಾಯಿತೆಂದು ಮನೆಯವರಿಗೆ ಇವತ್ತಿಗೂ ನಿಜ ಹೇಳಿಲ್ಲ, ಈಗ ಓದಿ ತಿಳಿಯಲಿ, ೧೮,೦೦೦ ರೂಪಾಯಿ. ನನ್ನ ಸೋದರಳಿಯ ಒಬ್ಬ ಆರು ಎಂಬ ಅಂಕಿಯನ್ನಷ್ಟೇ ಕೇಳಿಕೊಂಡು ಹೋಗಿ ಮಟ್ಕಾ ಕಟ್ಟಿದನಂತೆ. ಅವನ ದುಡ್ಡೂ ಹೋಯಿತು.

ಪರ್ವ ಮುಗಿದು ಕ್ಷಮಾವಾಣಿ ಬಂತು. ಬಂಧುಬಳಗದ ಮನೆಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳಿ ಬಂದೆ. ಅವತ್ತು ರಾತ್ರಿಯೂ ಹೆಸರು ಬಂತು. ಮನೆಯವರಿಗೆ ಆಗ ಹೆಸರನ್ನೂ ಬಿಡಿಸಿ ಹೇಳಿದೆ. ಅವರು ಹತ್ತಿಯ ಬತ್ತಿ ಹೊಸೆಯುತ್ತ ಕೂತಿದ್ದರು. ತಲೆ ಎತ್ತದೆ, ‘ರೀ, ಗೆರೆ ಮೇಲೆ ಬರೆದ ಹಾಗೆ ಬರ್ತದ ಅಂತೀರಿ. ಗೆರೆ ಇರೋದು ನಿಮ್ಮ ಖಾತೆ ಪುಸ್ತಕದಾಗ ತಾನೇ? ತೆಗೆದು ನೋಡಬಾರದೇನ್ರೀ?’ ಎಂದರು.

ನನಗೆ ಸಿಟ್ಟು ಬಂತು. ಆಧ್ಯಾತ್ಮದ ಮಾತಿಗೆ ಅಂಗಡಿ ತರುತ್ತಾಳೆ ಎಂದು ಬೈದೆ. ಆದರೆ ನಿದ್ದೆ ಬರಲಿಲ್ಲ.

೧೯೫೩ರ ಅಕ್ಟೋಬರ್ ೧ರ ತನಕ ನಮ್ಮ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯವಾಗಿ ಕರ್ನೂಲು ಜಿಲ್ಲೆಗೆ ಸೇರಿದ ಮೇಲೂ ನಮ್ಮ ತಂದೆಯವರು ಖಾತೆ ಕನ್ನಡದಲ್ಲೇ ಬರೆದರು, ನನಗೂ ಹಾಗೇ ಕಲಿಸಿದರು. ಆ ಹಳೆಯ ಪುಸ್ತಕಗಳು ಅಟ್ಟದ ಮೇಲಿನ ಟ್ರಂಕಿನಲ್ಲಿದ್ದವು. ರಾತ್ರಿ ಒಂದೂವರೆಗೆ ಇಳಿಸಿದೆ. ೧೯೮೬ರ ಪುಸ್ತಕ, ಅನಾಮತ್ತು ಖಾತೆ. ಹೆಸರು ಇತ್ತು. ಅಕ್ಷರ ನನ್ನದೇ.

ಕೌತಾಳಂ ಕಡೆಯ ಹಳ್ಳಿಯ ರೈತ. ಫೆಬ್ರವರಿಯಲ್ಲಿ ಹತ್ತಿ ತಂದು ಹಾಕಿದ್ದ. ದಲಾಲಿ, ತೂಕ, ಹಮಾಲಿ ಕಳೆದು ಬಂದದ್ದರಲ್ಲಿ ಸ್ವಲ್ಪ ಕೈಗೆ ತೆಗೆದುಕೊಂಡು ೧,೮೫೦ ರೂಪಾಯಿ ನಮ್ಮಲ್ಲೇ ಇಟ್ಟಿದ್ದ, ಮಗಳ ಲಗ್ನಕ್ಕೆ ಬೇಕಾದಾಗ ಒಯ್ಯುತ್ತೇನೆಂದು. ಆಗ ತಂದೆಯವರಿಗೆ ಮೈ ಸರಿಯಿರಲಿಲ್ಲ, ಗದ್ದಿಗೆಯ ಮೇಲೆ ಕೂಡುತ್ತಿದ್ದವನು ನಾನು, ೨೭ ವರ್ಷದವನು. ಮೂರು ವರ್ಷದ ಮೇಲೆ ಅದೇ ಪುಟದಲ್ಲಿ ಇನ್ನೊಂದು ಸಾಲು, ಅದೂ ನನ್ನದೇ ಅಕ್ಷರ: ಕೇಳುವವರು ಬಾರದ್ದರಿಂದ ಲಾಭದ ಖಾತೆಗೆ ವರ್ಗ.

ತಾವು ಅಂದುಕೊಳ್ಳಬಹುದು, ಮರುದಿನವೇ ಹೋಗಿ ಕೊಟ್ಟು ಬಂದರು ಎಂದು. ಇಲ್ಲ. ನನಗೆ ನಾಲ್ಕು ತಿಂಗಳು ಬೇಕಾಯಿತು. ಹತ್ತಿ ಸೀಜನ್ನು ಎಂದೆ, ದೀಪಾವಳಿ ಲೆಕ್ಕ ಎಂದೆ, ಅವನು ಇದ್ದಾನೋ ಇಲ್ಲವೋ ಎಂದೆ. ಎಷ್ಟು ಕೊಡಬೇಕು ಎಂಬ ಲೆಕ್ಕದಲ್ಲೇ ಒಂದು ತಿಂಗಳು ಹೋಯಿತು. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಸರಳ ಬಡ್ಡಿ ಹಾಕಿದರೆ ಅಸಲು ಸೇರಿ ೭,೬೦೦ ಚಿಲ್ಲರೆ ಆಗುತ್ತಿತ್ತು. ನಮ್ಮ ಪುಸ್ತಕದ ಪ್ರಕಾರ ಆ ವರ್ಷ ಕ್ವಿಂಟಲಿಗೆ ೫೦೦ರ ಆಸುಪಾಸು ಇತ್ತು. ಅವನು ಇಟ್ಟದ್ದು ಹತ್ತಿಯನ್ನೇ ಎಂದು ತಿಳಿದು ಲೆಕ್ಕ ಹಾಕಿದಾಗಿನ ೪,೦೦೦ದ ದರ ಕಟ್ಟಿದರೆ ೧೪,೮೦೦ ಆಗುತ್ತಿತ್ತು. ಯಾವುದು ನ್ಯಾಯ? ವ್ಯಾಪಾರಿಗಳಾದ ತಮಗೆ ಇದರ ಉತ್ತರ ಗೊತ್ತಿರುತ್ತದೆ, ನನಗೂ ಗೊತ್ತಿತ್ತು. ಆದರೂ ೨೦೧೨ರ ಸಂಕ್ರಾಂತಿಯ ಮೇಲೆ ಹೊರಟಾಗ ೭,೬೦೦ನ್ನು ಒಂದು ಕವರಿನಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಟ್ಟೆ, ಉಳಿದ ೭,೨೦೦ನ್ನು ಒಳಜೇಬಿನಲ್ಲಿಟ್ಟೆ. ನೋಡೋಣ ಎಂದು.

ಬಸ್ಸು ಇಳಿದು ಮೂರು ಮೈಲಿ ನಡೆಯಬೇಕು. ಹಳ್ಳಿಯಲ್ಲಿ ಅರ್ಧ ಮನೆಗಳಿಗೆ ಬೀಗ. ನಮ್ಮ ಈ ಪಶ್ಚಿಮ ಭಾಗದಲ್ಲಿ ಮಳೆ ಕೈಕೊಟ್ಟರೆ ಜನ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುತ್ತಾರೆ. ರೈತ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಮಗ ಸೊಸೆ ಗುಂಟೂರಿಗೆ ಹೋಗಿದ್ದರು. ಅವನ ಹೆಂಡತಿ ಕಟ್ಟೆಯ ಮೇಲೆ ಕೂತಿದ್ದಳು, ಕಣ್ಣು ಮಂಜು. ಯಾರೆಂದು ಹೇಳಿದೆ. ಹಣ ಕೊಡುವುದು ಉಳಿದಿತ್ತು, ತಂದಿದ್ದೇನೆ ಎಂದೆ.

‘ಹೌದಪ್ಪ, ಸಾವಿರ ರೂಪಾಯಿ ಇತ್ತು’ ಎಂದಳು.

ಸಾವಿರ! ಆ ಒಂದು ಕ್ಷಣದಲ್ಲಿ ನನ್ನ ಮನಸ್ಸು ಎಲ್ಲಿಗೆ ಹೋಯಿತೆಂದು ಹೇಳುವುದಿಲ್ಲ, ತಮಗೆ ತಿಳಿಯುತ್ತದೆ. ಆಮೇಲೆ, ‘ಅಮ್ಮಾ, ಸಾವಿರವಲ್ಲ, ಸಾವಿರದ ಎಂಟುನೂರ ಐವತ್ತು’ ಎಂದೆ. ನನಗೆ ನಾನೇ ದೊಡ್ಡವನಾಗಿ ಕಂಡೆ. ಅಷ್ಟರಲ್ಲಿ ಆಕೆ ಇನ್ನೊಂದು ಮಾತು ಹೇಳಿದಳು. ಯಾವ ಸಿಟ್ಟೂ ಇರಲಿಲ್ಲ, ಹಳೆಯ ಸಂಗತಿ ಹೇಳುವ ಹಾಗೆ ಹೇಳಿದಳು.

‘ನಾನು ಮೂರು ಸಲ ಬಂದಿದ್ನಪ್ಪ ನಿಮ್ಮ ಅಂಗಡಿಗೆ. ಆತಗ ಜ್ವರ ಬಂದು ಮಲಗಿದ್ದ. ಕಡೀಸಲ ಬಂದಾಗ ನಿಮ್ಮ ಗುಮಾಸ್ತ ಸಾವ್ಕಾರ ಊರಾಗ ಇಲ್ಲ ಅಂದ. ನಿನ್ನ ಚಪ್ಲಿ ಬಾಗ್ಲಾಗ ಇದ್ವು. ಲಗ್ನಕ್ಕ ಒಂದು ಎತ್ತು ಮಾರಿದ್ವಿ.’

ಕೇಳುವವರು ಬಾರದ್ದರಿಂದ ಎಂದು ನಾನು ಬರೆದಿದ್ದೆ. ಆಗ ನೆನಪಾಯಿತು. ಒಳಗೆ ಕೂತಿದ್ದೆ, ಊಟ ಮಾಡುತ್ತಿದ್ದೆ. ಆ ವಾರ ಕೈಯಲ್ಲಿ ರೊಕ್ಕ ಇರಲಿಲ್ಲ, ಮಿಲ್ಲಿನವರಿಂದ ಬರಬೇಕಿತ್ತು. ನಾಳೆ ಕೊಟ್ಟರಾಯಿತೆಂದು ಗುಮಾಸ್ತನಿಗೆ ಹಾಗೆ ಹೇಳಲು ಹೇಳಿದವನು ನಾನೇ. ಇಪ್ಪತ್ತಾರು ವರ್ಷ ಈ ನೆನಪು ಎಲ್ಲಿತ್ತು? ನಾನು ಮರೆತಿದ್ದೆ ಎಂದು ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದೆ.

ಎರಡೂ ಜೇಬು ಖಾಲಿ ಮಾಡಿದೆ. ಆಕೆ ಪಕ್ಕದ ಮನೆಯ ಶಾಲೆಯ ಹುಡುಗನನ್ನು ಕರೆದು ಎರಡು ಸಲ ಎಣಿಸಿಸಿದಳು. ಸರಿಯಾಗಿಯೇ ಮಾಡಿದಳು. ಎತ್ತಿನ ಬೆಲೆ ಎಷ್ಟು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕ್ಷಮೆ ಕೇಳಿದೆನೇ ಎಂದರೆ ಕೈಮುಗಿದೆ, ಮಾತು ಹೊರಡಲಿಲ್ಲ. ‘ನೀರು ಕುಡೀತಿ ಏನಪ್ಪ’ ಎಂದಳು. ಬಿಸಿಲಿತ್ತು. ಕುಡಿದು ಬಂದೆ.

ಊರಿಗೆ ಬಂದ ಮೇಲೆ ಶಾಸ್ತ್ರ ತೆಗೆದು ನೋಡಿದೆ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೇ. ತತ್ತ್ವಾರ್ಥ ಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ನ್ಯಾಸಾಪಹಾರ ಒಂದು. ಕೂಟಲೇಖ ಎಂದರೆ ಸುಳ್ಳು ಬರಹ. ನ್ಯಾಸಾಪಹಾರಕ್ಕೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ಅರ್ಥ ಓದಿ ಮೈ ಜುಮ್ಮೆಂದಿತು. ಹಣ ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಒಪ್ಪಿಕೊಳ್ಳುವುದು. ಸಾವಿರದೈನೂರು ವರ್ಷದಷ್ಟು ಹಿಂದೆ ಕನ್ನಡ ನಾಡಿನ ಆಚಾರ್ಯರು ನನ್ನ ಆ ಒಂದು ಕ್ಷಣವನ್ನು ಬರೆದಿಟ್ಟಿದ್ದರು. ಸಮಂತಭದ್ರರ ರತ್ನಕರಂಡಕದಲ್ಲಿಯೂ, ಇಟ್ಟದ್ದು, ಬಿದ್ದದ್ದು, ಮರೆತದ್ದು, ಇವು ಮೂರೂ ಪರರ ವಸ್ತುವೇ, ಮುಟ್ಟಬಾರದೆಂದಿದೆ. ಇಂಥ ಅರ್ಥಗಳು ಚಿಹ್ನೆಯ ಪುಸ್ತಕದಲ್ಲಿ ಸಿಗುವುದಿಲ್ಲ.

ತತ್ತ್ವಾರ್ಥ ಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನ ನಾಲ್ಕು ಬಗೆ, ಆರ್ತ, ರೌದ್ರ, ಧರ್ಮ್ಯ, ಶುಕ್ಲ. ರೌದ್ರ ಎಂದರೆ ಕೊಲೆಗಾರರ ಧ್ಯಾನ ಎಂದು ನಾನು ತಿಳಿದಿದ್ದೆ. ಹಿಂಸೆ, ಸುಳ್ಳು, ಕಳವು ಆದ ಮೇಲೆ ನಾಲ್ಕನೆಯದು ವಿಷಯ ಸಂರಕ್ಷಣೆ, ಇದ್ದದ್ದನ್ನು ಕಾಯುವ ಚಿಂತೆ. ಬೆಳಿಗ್ಗೆ ಕಣ್ಣು ಮುಚ್ಚಿ ಗೋಡೌನಿನ ಬೀಗ ನೆನೆಯುವುದು ಅದೇ. ನಾವು ಸಾಮಾಯಿಕಕ್ಕೆ ಕೂಡುವ ೪೮ ನಿಮಿಷ, ಎರಡು ಗಳಿಗೆ, ಧರ್ಮ್ಯಧ್ಯಾನ ಎಂದು ಅಂದುಕೊಂಡಿರುತ್ತೇವೆ. ತಾನಾಗಿ ಬಂದ ಚಿತ್ರ, ತಾನಾಗಿ ಬಂದ ಹೆಸರು ಯಾವ ಧ್ಯಾನ ನಡೆಯುತ್ತಿದೆ ಎಂದು ತೋರಿಸುತ್ತದೆ, ಅಷ್ಟು ಮಟ್ಟಿಗೆ ಅದಕ್ಕೆ ಅರ್ಥವಿದೆ. ಗುಂತಕಲ್ಲಿನ ಹತ್ತಿರ ಕೊನಕೊಂಡ್ಲ ಇದೆಯಲ್ಲ, ಕುಂದಕುಂದಾಚಾರ್ಯರ ಊರೆಂದು ಹೇಳುವ ಕೊಂಡಕುಂದೆ, ಅಲ್ಲಿನ ರಸಸಿದ್ಧುಲ ಗುಟ್ಟದ ಮೇಲೆ ಬಂಡೆಯಲ್ಲಿ ಕೆತ್ತಿದ ಜಿನಬಿಂಬಗಳನ್ನು ನೋಡಲು ಆ ವರ್ಷವೇ ಹೋಗಿದ್ದೆ. ಆ ಆಚಾರ್ಯರು ನಿಯಮಸಾರದಲ್ಲಿ, ಸಮತೆ ಇಲ್ಲದವನಿಗೆ ವನವಾಸ, ಉಪವಾಸ, ಅಧ್ಯಯನ, ಮೌನ ಇವುಗಳಿಂದ ಏನಾಗುತ್ತದೆ ಎಂದು ಕೇಳಿದ್ದಾರೆ. ಬಿಸಿ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ನನಗೆ ಅದು ನೆನಪಾಯಿತು. ಚಪ್ಪಲಿ ಕೆಳಗೆ ಬಿಟ್ಟಿದ್ದೆ.

ಎಮ್ಮಿಗನೂರಿನ ಸಹೋದರಿಗೆ: ನಿಮ್ಮ ಹೆಸರು ನನ್ನ ಹೆಸರಿನ ಹಾಗೆ ಸಾಲದ ಹೆಸರೇ ಆಗಿರಬೇಕೆಂದೇನೂ ಇಲ್ಲ. ಟಿ.ವಿ.ಯಲ್ಲಿ ಕೇಳಿದ್ದಿರಬಹುದು. ಬಹಳಷ್ಟು ಹೆಸರುಗಳು ಸುಮ್ಮನೆ ಬರುತ್ತವೆ, ಹೋಗುತ್ತವೆ. ಒಮ್ಮೆ ಮಾತ್ರ ಯೋಚಿಸಿ ನೋಡಿ, ಮನೆಗೆಲಸಕ್ಕೆ ಬಂದು ಹೋದವರು, ಬಾಣಂತನ ಮಾಡಿದವರು, ಮೊಸರು ಕೊಡುತ್ತಿದ್ದವರು, ಅವರಲ್ಲಿ ಯಾರಾದರೂ ಇದ್ದಾರೆಯೇ ಎಂದು. ಇಲ್ಲವಾದರೆ ಬಿಟ್ಟುಬಿಡಿ, ಹೆಸರು ಬಂದಾಗ ಜಪವನ್ನು ಎಲ್ಲಿ ಬಿಟ್ಟಿರೋ ಅಲ್ಲಿಂದ ಹಿಡಿಯಿರಿ. ಮಗುವಿಗೆ ತೊಂದರೆ ಎಂಬ ಮಾತನ್ನು ಮನಸ್ಸಿನಿಂದ ತೆಗೆಯಿರಿ. ಅವರವರ ಕರ್ಮದ ಫಲ ಅವರವರದು, ತಾಯಿ ಕಣ್ಣು ಮುಚ್ಚಿದಾಗ ಕಂಡದ್ದಕ್ಕೆ ಮಗು ತೆರಬೇಕೆಂದು ನಮ್ಮ ಯಾವ ಆಗಮವೂ ಹೇಳುವುದಿಲ್ಲ. ೪೦,೦೦೦ ಕೊಡಬೇಡಿ. ಯಜಮಾನರಿಗೆ ಈ ಪುಟ ಓದಲು ಕೊಡಿ, ನನ್ನ ೧೮,೦೦೦ದ ಸಂಗತಿ ಅವರಿಗೆ ಬೇಗ ಅರ್ಥವಾಗುತ್ತದೆ. ದೀಪವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕೂತು ನೋಡಿ. ಆಮೇಲೂ ಬೆಳಕು ಬಂದರೆ ಕಣ್ಣು ತೋರಿಸಿ.

ನನಗೆ ಆ ಹೆಸರು ಆಮೇಲೆ ಬರಲಿಲ್ಲವೇ ಎಂದು ತಾವು ಕೇಳಬಹುದು. ಬರುತ್ತದೆ, ಮೊದಲಿನಷ್ಟು ದಪ್ಪ ಅಕ್ಷರವಲ್ಲ. ಈಗ ಟ್ರಂಕು ಅಟ್ಟದ ಮೇಲಿಲ್ಲ, ನನ್ನ ಮಂಚದ ಕೆಳಗಿದೆ. ಮಳೆಗಾಲದಲ್ಲಿ ಮಾರ್ಕೆಟ್ ಯಾರ್ಡಿನಲ್ಲಿ ಆವಕ ಕಡಿಮೆ ಇರುವಾಗ ಮಧ್ಯಾಹ್ನ ಒಂದೊಂದು ಅನಾಮತ್ತು ಪುಟ ತೆಗೆದು ನೋಡುತ್ತೇನೆ, ಮನೆಯವರು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂಡುತ್ತಾರೆ. ೧೯೯೧ರ ಪುಸ್ತಕದ ತನಕ ಬಂದಿದ್ದೇವೆ. ಹಾಲಹರವಿ ಕಡೆಯ ಒಂದು ಹೆಸರು ಸಿಕ್ಕಿದೆ, ೩೧೫ ರೂಪಾಯಿ. ಮನೆ ಯಾವುದೆಂದು ವಿಚಾರಿಸಲು ಹೇಳಿ ಕಳಿಸಿದ್ದೇನೆ.